ಬೀಜ ಮಾರುತ್ತಿದ್ದ ನಿನ್ನಪ್ಪ

ಹೊಸೂರು,
೧೮ ಜನವರಿ ೧೯೮೫

ಮಗು ವೆಂಕಟು,

ಮೊದಲು ನಿನ್ನ ಆರೋಗ್ಯದ ಮಾತು. ದೆಹಲಿಯಲ್ಲಿ ಈ ಸಲ ಚಳಿ ವಿಪರೀತ ಎಂದು ರೇಡಿಯೋದಲ್ಲಿ ಹೇಳುತ್ತಿದ್ದಾರೆ. ನಿನಗೆ ಚಿಕ್ಕಂದಿನಿಂದಲೂ ಚಳಿ ಬಿದ್ದರೆ ಗಂಟಲು ಕಟ್ಟುತ್ತದೆ. ಮೆಣಸು ಜೀರಿಗೆ ಕುಟ್ಟಿ ಕಷಾಯ ಮಾಡಿಕೊಂಡು ಕುಡಿಯುತ್ತಿದ್ದೀಯಾ, ಇಲ್ಲ ಹೋಟೆಲಿನ ಟೀಯಲ್ಲೇ ದಿನ ತಳ್ಳುತ್ತಿದ್ದೀಯಾ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ಬೆಳಿಗ್ಗೆ ಏಳುವಾಗ ಹಟ ಮಾಡುತ್ತದೆ, ಎರಡು ಬಿಂದಿಗೆ ನೀರು ಹೊತ್ತ ಮೇಲೆ ದಾರಿಗೆ ಬರುತ್ತದೆ. ಸ್ಕೂಲಿನಲ್ಲಿ ನನಗೆ ಈಗ ಒಂದನೇ ಕ್ಲಾಸು ಕೊಟ್ಟಿದ್ದಾರೆ, ನಿಂತು ಪಾಠ ಮಾಡುವ ಕಷ್ಟವಿಲ್ಲ, ಮಕ್ಕಳ ಮಧ್ಯೆ ಚಾಪೆಯ ಮೇಲೆ ಕೂತರೆ ಆಯಿತು. ಸಂಕ್ರಾಂತಿ ಚೆನ್ನಾಗಿ ಕಳೆಯಿತು. ಅವರೆಕಾಯಿ ಈ ಸಲ ಸೊನೆ ತುಂಬಿಕೊಂಡು ಬಂದಿದೆ. ಪಕ್ಕದ ಮನೆ ಜಲಜಮ್ಮ ದಿನಾ ಸಂಜೆ ಮೊರ ಹಿಡಿದುಕೊಂಡು ಬಂದು ನಮ್ಮ ಜಗಲಿಯಲ್ಲೇ ಕೂತು ಸುಲಿಯುತ್ತಾಳೆ, ಊರ ಸುದ್ದಿಯನ್ನೂ ಜೊತೆಗೇ ಸುಲಿಯುತ್ತಾಳೆ. ಎಳ್ಳು ಬೀರಲು ಅಲಮೇಲುವನ್ನು ಕಳಿಸಿದ್ದೆ. ಸೊಸೆ ಹಬ್ಬಕ್ಕೆ ಬಂದಿದ್ದಾಳಾ ಎಂದು ಬೀದಿಯವರೆಲ್ಲ ಕೇಳಿದರು. ಹೌದು ಎಂದೆ.

ಅವಳು ಹಬ್ಬಕ್ಕೆ ಬಂದದ್ದಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ನೀನು ಊರಿನಲ್ಲಿಲ್ಲದ ಹೊತ್ತಿನಲ್ಲಿ ಟ್ರಂಕು ಕಟ್ಟಿಕೊಂಡು ಒಬ್ಬಳೇ ರೈಲು ಹತ್ತಿ ಬಂದಳು. ಕೃಷ್ಣಗಿರಿಯ ತವರಿಗೆ ಹೋಗದೆ ನೇರವಾಗಿ ನಮ್ಮ ಮನೆಗೆ ಬಂದಳಲ್ಲ, ಅದಕ್ಕೆ ನೀನು ಅವಳಿಗೆ ಕೈ ಮುಗಿಯಬೇಕು. ಅಲ್ಲಿಗೆ ಹೋಗಿದ್ದರೆ ಅವಳ ಅಪ್ಪ ಅವತ್ತೇ ನಾಲ್ಕು ಜನರನ್ನು ಕರೆದುಕೊಂಡು ನನ್ನ ಬಾಗಿಲಿಗೆ ಬರುತ್ತಿದ್ದರು. ಬಂದವಳು ಮೂರು ನಾಲ್ಕು ದಿನ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ರಾಗಿಯಲ್ಲಿ ಕಲ್ಲು ಆರಿಸುತ್ತಾ, ಮೊರದಿಂದ ಕಣ್ಣು ಎತ್ತದೆ ಹೇಳಿದಳು: "ಅತ್ತೆ, ಇವರಿಗೆ ಇನ್ನೊಂದು ಸಂಸಾರ ಇದೆ ಅನ್ಸುತ್ತೆ."

ಅವಳು ಸುಮ್ಮನೆ ಅನುಮಾನಪಡುವ ಹೆಣ್ಣಲ್ಲ ವೆಂಕಟು. ನಡೆದದ್ದನ್ನು ಒಂದೊಂದಾಗಿ ಹೇಳಿದಳು. ನಕ್ಷೆ ಬರೆಯುವ ಕಚೇರಿ ಎಂದು ನೀನು ಹೇಳಿದ್ದೀಯಲ್ಲ, ನಿನಗೆ ಜ್ವರವಿದ್ದಾಗ ರಜೆಯ ಚೀಟಿ ಕೊಡಲು ಅವಳೇ ಅಲ್ಲಿಗೆ ಹೋಗಿದ್ದಳಂತೆ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ ಎಂದರಂತೆ. ಅಸ್ಸಾಮಿಗೆ ಹೋಗುತ್ತೇನೆ ಎಂದು ಹೇಳಿ ಹೋದವನು ರಾಜಸ್ಥಾನದ ಮರಳನ್ನು ಬೂಟಿನಲ್ಲಿ ತುಂಬಿಕೊಂಡು ಬಂದೆಯಂತೆ. ಇದನ್ನೆಲ್ಲ ಅವಳು ನುಂಗಿಕೊಂಡಳು. ನುಂಗಲಾರದೆ ಹೋದದ್ದು ಮಾರುಕಟ್ಟೆಯಲ್ಲಿ ಆದದ್ದು. ಯಾರೋ ಒಬ್ಬ ಗಂಡಸು ಹಿಂದಿನಿಂದ ಬಂದು ನಿನ್ನನ್ನು ಮಿಶ್ರಾಜೀ ಎಂದು ಕೂಗಿದನಂತೆ. ನೀನು ತಿರುಗಿ ನಕ್ಕು, ಅವನ ಹೆಗಲ ಮೇಲೆ ಕೈ ಹಾಕಿ, ನನ್ನ ಹೆಂಡತಿಮಕ್ಕಳು ಚೆನ್ನಾಗಿದ್ದಾರೆ ಎಂದು ಅವನಿಗೆ ಹಿಂದಿಯಲ್ಲಿ ಹೇಳಿದೆಯಂತೆ. ನಿಮಗೋ ಇನ್ನೂ ಮಕ್ಕಳೇ ಇಲ್ಲ. ಅಲಮೇಲು ತರಕಾರಿ ಚೀಲ ಹಿಡಿದು ಎರಡು ಮಾರು ದೂರದಲ್ಲಿ ನಿಂತಿದ್ದಳು. ನೀನು ಅವಳ ಕಡೆ ನೋಡಲಿಲ್ಲ. ಮನೆಗೆ ಬಂದ ಮೇಲೆ ಕೇಳಿದರೆ, ಅವನು ನನ್ನನ್ನು ನೋಡಿ ಬೇರೆ ಯಾರೋ ಎಂದುಕೊಂಡ, ಬೇಜಾರಾಗದಿರಲಿ ಎಂದು ಹಾಗೆ ಹೇಳಿದೆ ಎಂದೆಯಂತೆ. ನೀನೇ ಹೇಳು, ಯಾವ ಹೆಂಡತಿ ಇದನ್ನು ನಂಬುತ್ತಾಳೆ?

ಅವಳು ಅಳುತ್ತಿದ್ದಳು, ನಾನು ರಾಗಿ ನೋಡುತ್ತಿದ್ದೆ. ನನಗೆ ಆಶ್ಚರ್ಯವಾಗಲಿಲ್ಲ. ಕಳೆದ ವರ್ಷ ದೀಪಾವಳಿಗೆ ನೀವಿಬ್ಬರೂ ಬಂದಾಗಲೇ ನನಗೆ ಗೊತ್ತಾಗಿತ್ತು. ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿಗೆ ಹೋದೆವಲ್ಲ, ಅಲ್ಲಿ ನೀನು ಅಲಮೇಲುವನ್ನು ಎಬ್ಬಿಸಿ ಗೋಡೆಗೆ ಬೆನ್ನು ಕೊಟ್ಟು ಬಾಗಿಲಿಗೆ ಮುಖ ಮಾಡಿ ಕೂತೆ. ಮನೆಗೆ ಬಂದವನು ಕಾಫಿಯನ್ನೂ ಕುಡಿಯದೆ, ಎದುರುಮನೆಗೆ ಯಾರು ಬಾಡಿಗೆಗೆ ಬಂದಿದ್ದಾರೆ, ಯಾವ ಫ್ಯಾಕ್ಟರಿಯಲ್ಲಿದ್ದಾರೆ ಎಂದು ಕೇಳಿದೆ. ಜಲಜಮ್ಮ ನಿನ್ನ ಕೆಲಸದ ಬಗ್ಗೆ ವಿಚಾರಿಸಿದಾಗ ನದಿ, ಗುಡ್ಡ, ಅಳತೆಯ ಸರಪಳಿ ಎಂದು ಎಷ್ಟು ಹೊತ್ತು ಹೇಳಿದೆಯೆಂದರೆ, ಪಾಪ, ಅವಳು ಆಕಳಿಸಿ ಎದ್ದು ಹೋದಳು. ನಿನ್ನಪ್ಪನೂ ಹಾಗೇ ಮಾಡುತ್ತಿದ್ದರು. ಕೋಸು, ಗೆಡ್ಡೆಕೋಸು, ಕ್ಯಾರೆಟ್ಟು ಎಂದು ಶುರು ಮಾಡಿದರೆ ಕೇಳಿದವರು ಇನ್ನೊಂದು ಸಲ ಆ ವಿಷಯ ಎತ್ತುತ್ತಿರಲಿಲ್ಲ.

ಈಗ ನಿನ್ನಪ್ಪನ ವಿಷಯಕ್ಕೆ ಬರುತ್ತೇನೆ. ಅವರು ಹೋಗಿ ಐದು ವರ್ಷವಾಗುತ್ತಾ ಬಂತು. ಅವರಿಗೆ ಕೊಟ್ಟ ಮಾತನ್ನು ಇಷ್ಟು ದಿನ ಉಳಿಸಿಕೊಂಡೆ. ಇನ್ನು ಉಳಿಸಿಕೊಂಡರೆ ಅವರ ಮಗನ ಸಂಸಾರ ಉಳಿಯುವುದಿಲ್ಲ. ಅವರಿದ್ದಿದ್ದರೆ ಅವರೇ ಹೇಳು ಎನ್ನುತ್ತಿದ್ದರು ಎಂದು ನನ್ನ ಮನಸ್ಸು ಹೇಳುತ್ತದೆ.

ನಿನ್ನಪ್ಪನನ್ನು ಪೊಲೀಸು ಕೆಲಸದಿಂದ ಯಾರೂ ತೆಗೆದುಹಾಕಲಿಲ್ಲ.

ಎಪ್ಪತ್ತೈದರ ಮೊದಲ ತಿಂಗಳು. ನೀನು ಆಗ ಎಸ್.ಎಸ್.ಎಲ್.ಸಿ.ಯಲ್ಲಿದ್ದೆ. ಅಪ್ಪ ಕೃಷ್ಣಗಿರಿಯಲ್ಲಿ ಸಬ್ ಇನ್ಸ್‌ಪೆಕ್ಟರು, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಮ್ಮ ತಮಿಳುನಾಡಿನಲ್ಲಿ ಆಗತಾನೆ ಮತ್ತೆ ಸಾರಾಯಿ ನಿಲ್ಲಿಸಿದ್ದರು, ಗಡಿ ದಾಟಿ ಅತ್ತಿಬೆಲೆಗೆ ಹೋದರೆ ಕರ್ನಾಟಕದ ಅಂಗಡಿಗಳು ತೆರೆದೇ ಇದ್ದವು. ಅವರು ಒಂದು ಭಾನುವಾರ ಬಂದು, ಊಟ ಮಾಡಿ, ಹಿತ್ತಿಲ ಬಾವಿಕಟ್ಟೆಯ ಮೇಲೆ ಕೂತು ನನ್ನನ್ನು ಕರೆದರು. "ಕಾಮು, ನಾಳೆಯಿಂದ ಊರು ನನ್ನ ಬಗ್ಗೆ ಒಂದು ಮಾತಾಡತ್ತೆ. ಅದು ನಿಜ ಅಲ್ಲ. ನಿನಗೆ ಇಷ್ಟು ಗೊತ್ತಿದ್ರೆ ಸಾಕು, ಬೇರೆ ಏನೂ ಕೇಳಬೇಡ, ಯಾರಿಗೂ ಹೇಳಬೇಡ" ಎಂದರು. ನಾನು ಆಗಲಿ ಎಂದೆ. ಗಡಿಯಲ್ಲಿ ಸಾರಾಯಿ ಗಾಡಿಗಳನ್ನು ಕೈಬೆಚ್ಚಗೆ ಮಾಡಿಕೊಂಡು ಬಿಟ್ಟನಂತೆ, ಕೆಲಸ ಹೋಯಿತಂತೆ ಎಂಬ ಸುದ್ದಿ ಮರುದಿನ ಸಂಜೆಯೊಳಗೆ ನಮ್ಮ ಬೀದಿಗೆ ಬಂತು. ಅದನ್ನು ಹಬ್ಬಿಸಿದವರು ಅವರ ಮೇಲಿನವರೇ, ಅವರ ಒಪ್ಪಿಗೆಯಿಂದಲೇ. ಗುಟ್ಟಾಗಿ ಸುದ್ದಿ ತರುವ ಪೊಲೀಸಿನವರ ಶಾಖೆ ಒಂದಿರುತ್ತದಲ್ಲ, ಅದಕ್ಕೆ ಅವರನ್ನು ಆರಿಸಿದ್ದರು. ಕನ್ನಡ, ತಮಿಳು, ತೆಲುಗು ಮೂರೂ ಮನೆಮಾತಿನಂತೆ ಬರುವವನು, ತಳಿ ಊರಿನಿಂದ ಅಂಚೆಟ್ಟಿಯವರೆಗೆ ಹಾದಿ ಬಲ್ಲವನು ಬೇಕಾಗಿತ್ತು. ಆದರೆ ಪೊಲೀಸಿನವನು ಎಂದು ಎಲ್ಲರಿಗೂ ಗೊತ್ತಿರುವವನ ಮುಂದೆ ಯಾರು ಬಾಯಿ ಬಿಡುತ್ತಾರೆ? ಪೊಲೀಸಿನವರು ಹೊರಗೆ ಹಾಕಿದವನ ಮುಂದಾದರೆ ಬಿಡುತ್ತಾರೆ. ಹಾಗಾಗಿ ಅವರು ತರಕಾರಿ ಬೀಜದ ಏಜೆಂಟರಾದರು. ಸೈಕಲ್ಲಿನ ಹಿಂದೆ ಗೋಣಿಚೀಲ ಕಟ್ಟಿಕೊಂಡು ಊರೂರು ತಿರುಗಿದರು.

ನನಗೆ ಆ ಒಂದು ಮಾತು ಗೊತ್ತಿತ್ತು, ನಿನಗೆ ಅದೂ ಗೊತ್ತಿರಲಿಲ್ಲ. ನೀನು ಒಂದು ಸಂಜೆ ಅಂಗಿ ಹರಿದುಕೊಂಡು ಸ್ಕೂಲಿನಿಂದ ಬಂದೆ. ಯಾರೋ ಹುಡುಗರು ಸಾರಾಯಿ ಪೊಲೀಸಿನ ಮಗ ಎಂದಿದ್ದರು. ಅಪ್ಪ ಜಗಲಿಯಲ್ಲಿ ಕೂತು ಕೋಸಿನ ಬೀಜವನ್ನು ಪೊಟ್ಟಣಕ್ಕೆ ತುಂಬುತ್ತಿದ್ದರು. ನೀನು ಮೆಟ್ಟಿಲು ಹತ್ತಿದವನೇ ಆ ತಟ್ಟೆಯನ್ನು ಒದ್ದು ಒಳಗೆ ಹೋದೆ. ಕೋಸಿನ ಬೀಜ ಸಾಸಿವೆಯಂತೆ ಸಣ್ಣದು, ಜಗಲಿಯಿಂದ ಬೀದಿಯವರೆಗೆ ಉರುಳಿ ಹೋಯಿತು. ಅವರು ಕತ್ತಲಾಗುವವರೆಗೆ ಮಂಡಿಯೂರಿ ಅದನ್ನು ಆರಿಸಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಬಾಯಿ ತೆರೆಯಬೇಕೆಂದಿದ್ದೆ, ಅವರು ತಲೆಯೆತ್ತಿ ನನ್ನನ್ನು ನೋಡಿದರು, ಸುಮ್ಮನಾದೆ. ಅವತ್ತಿನಿಂದ ನೀನು ಅವರ ಜೊತೆ ಬೇಕಾದಷ್ಟೇ ಮಾತಾಡಿದೆ. ಇದನ್ನು ನಿನ್ನನ್ನು ನೋಯಿಸಲು ಬರೆಯುತ್ತಿಲ್ಲ ಮಗು. ನಿನ್ನ ಮೇಲೆ ಅವರಿಗೆ ಒಂದು ದಿನವೂ ಕೋಪವಿರಲಿಲ್ಲ. ಹುಡುಗನಿಗೆ ಮಾನ ಇದೆ, ಒಳ್ಳೆಯದೇ ಎನ್ನುತ್ತಿದ್ದರು.

ಮುಂದಿನದನ್ನು ಸ್ವಲ್ಪ ನಾನು ಕಣ್ಣಾರೆ ನೋಡಿದ್ದೇನೆ, ಉಳಿದದ್ದನ್ನು ಕೊನೆಗಾಲದಲ್ಲಿ ಬೆಂಗಳೂರಿನ ಆಸ್ಪತ್ರೆಯಲ್ಲಿದ್ದಾಗ ಅವರೇ ಹೇಳಿದರು. ಡೆಂಕಣಿಕೋಟೆಯ ಆಚೆ, ಕಾಡಿನ ಅಂಚಿನ ಒಂದು ಹಳ್ಳಿಯಲ್ಲಿ ಗೋವಿಂದಮ್ಮ ಎಂಬ ವಿಧವೆ ಇದ್ದಾಳಲ್ಲ, ಅಪ್ಪನ ತಿಥಿಗೆ ಹುಣಸೆಹಣ್ಣು ಹೊತ್ತು ತರುತ್ತಾಳೆ, ನೀನು ನೋಡಿದ್ದೀಯ. ಅವಳ ಮನೆಯ ಅಟ್ಟದ ಮೇಲೆ ಅಪ್ಪ ಬೀಜದ ಚೀಲ ಇಟ್ಟು ಸುತ್ತಲ ಹಳ್ಳಿಗಳಿಗೆ ಹೋಗಿಬರುತ್ತಿದ್ದರು. ಮೊದಮೊದಲು ಸ್ವಾಮಿ ಎನ್ನುತ್ತಿದ್ದವಳು ಬರುಬರುತ್ತಾ ಅಣ್ಣ ಎನ್ನಲು ಶುರು ಮಾಡಿದಳು. ಅಪ್ಪ ಅವಳ ಕೈಯ ಮುದ್ದೆ ಸೊಪ್ಪಿನ ಸಾರು ಉಂಡು ಬರುತ್ತಿದ್ದರು. ನಿನ್ನಜ್ಜಿ ಬದುಕಿದ್ದಿದ್ದರೆ ಅವರನ್ನು ಒಳಗೆ ಸೇರಿಸುತ್ತಿರಲಿಲ್ಲ. ಗೋವಿಂದಮ್ಮನಿಗೆ ಒಬ್ಬನೇ ಮಗ, ಲಕ್ಷ್ಮಣಪ್ಪ. ಕೃಷ್ಣಗಿರಿ ಕಡೆಯ ಒಂದು ಕಲ್ಲುಗಣಿಯಲ್ಲಿ ಬಂಡೆಗೆ ಮದ್ದು ತುಂಬುವ ಕೆಲಸ ಮಾಡುತ್ತಿದ್ದ, ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಅಪ್ಪನನ್ನು ಮಾವ ಎನ್ನುತ್ತಿದ್ದ. ನೀನು ಮಾತು ಬಿಟ್ಟ ಮೇಲೆ ಅಪ್ಪನ ಹತ್ತಿರ ಕೂತು ಹರಟಿದ ಹುಡುಗ ಅವನೊಬ್ಬನೇ.

ಎಪ್ಪತ್ತಾರರ ಕಾರ್ತಿಕ ಮಾಸ. ದೇಶದಲ್ಲಿ ಎಮರ್ಜೆನ್ಸಿ ಇತ್ತು. ರಾಗಿ ತೆನೆ ಬಲಿತು ಆನೆಗಳು ಹೊಲಕ್ಕೆ ಇಳಿಯುವ ಕಾಲ. ಅಪ್ಪ ಹೋದಾಗ ಗೋವಿಂದಮ್ಮ ತಲೆಗೆ ಬಟ್ಟೆ ಬಿಗಿದು ಕೂತಿದ್ದಳಂತೆ. "ಯಾಕೋ ತಲೆ ಒಡ್ದೋಗೋ ಹಂಗೆ ನೋಯ್ತದಣ್ಣ. ಒಳಗ್ ಮಲಗಿದ್ರೆ ಜಾಸ್ತಿ, ಹೊಲದಾಗಿದ್ರೆ ಏನೂ ಇರಾಕಿಲ್ಲ. ಒಂದ್ ಮಾತ್ರೆ ತಂದ್ಕೊಡು" ಎಂದಳಂತೆ. ಅಪ್ಪ ಚೀಲ ಇಳಿಸಲು ಏಣಿ ಹತ್ತಿದರು. ಅಟ್ಟದ ಮೇಲೆ ಒಂದು ಥರ ಸಿಹಿ ವಾಸನೆ. ಎರಡು ನಿಮಿಷದೊಳಗೆ ಅವರ ತಲೆಯೂ ಸಿಡಿಯಲು ಶುರುವಾಯಿತಂತೆ. ಬಂಡೆ ಸಿಡಿಸುವ ಜೆಲಟಿನ್ ಕಡ್ಡಿ ಮುಚ್ಚಿದ ಜಾಗದಲ್ಲಿದ್ದರೆ ಅದರ ಆವಿಗೆ ಹೀಗೆ ತಲೆನೋವು ಬರುತ್ತದೆ ಎಂದು ಅವರಿಗೆ ಇಲಾಖೆಯಲ್ಲಿ ಕಲಿಸಿದ್ದರು. ರಾಗಿ ಹುಲ್ಲು ಸರಿಸಿದರೆ ಕೆಳಗೆ ಪೆಟ್ಟಿಗೆ.

ಅವರನ್ನು ಊರೂರು ತಿರುಗಿಸಿದ್ದೇ ಇದಕ್ಕಾಗಿ. ಗಣಿಗಳಿಂದ ಮದ್ದು ಕಾಣೆಯಾಗುತ್ತಿತ್ತು, ಎಲ್ಲಿಗೆ ಹೋಗುತ್ತಿದೆಯೆಂದು ತಿಳಿಯಬೇಕಿತ್ತು. ಎಮರ್ಜೆನ್ಸಿಯ ಮೇಲೆ ಸಿಟ್ಟುಗೊಂಡ ಮೂವರು ಹುಡುಗರು, ಅವರಲ್ಲಿ ಲಕ್ಷ್ಮಣಪ್ಪನೂ ಒಬ್ಬ, ಹೊಳೆಯ ಮೇಲಿನ ರೈಲು ಸೇತುವೆಯನ್ನು ಸಿಡಿಸಬೇಕೆಂದು ಗೊತ್ತು ಮಾಡಿದ್ದರಂತೆ. ರೈಲು ಹೋದ ಮೇಲೆ ಸಿಡಿಸುವುದು, ಒಬ್ಬರಿಗೂ ಪೆಟ್ಟಾಗಬಾರದು ಎಂಬುದು ಅವರ ಲೆಕ್ಕ. ನಮ್ಮ ಮಾರ್ಗದ ರೈಲು ಯಾವತ್ತು ಹೇಳಿದ ಹೊತ್ತಿಗೆ ಬಂದಿದೆ? ನೀನು ಆಗ ಬೆಂಗಳೂರಿನಲ್ಲಿ ಓದುತ್ತಿದ್ದೆ. ಶನಿವಾರ ಶನಿವಾರ ಅದೇ ರೈಲಿನಲ್ಲಿ ಮನೆಗೆ ಬರುತ್ತಿದ್ದೆ.

ಅಪ್ಪ ಮಾಡಬೇಕಾದದ್ದು ಸುಲಭವಿತ್ತು. ಕೆಳಗಿಳಿದು, ಹೊಸೂರಿಗೆ ಬಂದು, ಮೇಲಿನವರಿಗೆ ಫೋನು ಮಾಡಿದ್ದರೆ ಪೊಲೀಸಿನವರು ಹೋಗಿ ಮನೆಯನ್ನು ಸುತ್ತುವರಿಯುತ್ತಿದ್ದರು. ಆದರೆ ಪೆಟ್ಟಿಗೆ ಸಿಕ್ಕುವುದು ಗೋವಿಂದಮ್ಮನ ಅಟ್ಟದಲ್ಲಿ. ಮಗನ ಜೊತೆ ತಾಯಿಯನ್ನೂ ಕಟ್ಟಿಕೊಂಡು ಹೋಗುತ್ತಿದ್ದರು. ಆ ಕಾಲದಲ್ಲಿ ಹಾಗೆ ಒಳಗೆ ಹೋದವರು ಯಾವಾಗ ಹೊರಗೆ ಬರುತ್ತಾರೆಂದು ಕೇಳುವ ಹಾಗಿರಲಿಲ್ಲ. ಏಣಿಯ ಮೇಲೆ ನಿಂತು ಯೋಚಿಸಿದೆ ಕಾಮು ಎಂದರು ಆಸ್ಪತ್ರೆಯಲ್ಲಿ. ಹೇಳದೆ ಇರುವ ಹಾಗಿಲ್ಲ. ಹೇಳಿದರೆ ಈ ಹೆಣ್ಣುಮಗಳು ಹೋಗುತ್ತಾಳೆ. ಅವಳಿಗೆ ಮಾತ್ರೆ ಕೊಟ್ಟು, ಎರಡು ದಿನ ಜಗಲಿಯಲ್ಲಿ ಮಲಗು ಎಂದು ಹೇಳಿ ಬಂದರು. ಮಾರನೆಯ ದಿನ ಡೆಂಕಣಿಕೋಟೆಯ ಸಂತೆ. ಗೋವಿಂದಮ್ಮ ಹುರುಳಿ ಮಾರಲು ಹೋದ ಹೊತ್ತು ನೋಡಿ ಅಪ್ಪ ಮತ್ತೆ ಅಲ್ಲಿಗೆ ಹೋದರು. ಪೆಟ್ಟಿಗೆಯನ್ನು ಬೀಜದ ಗೋಣಿಯೊಳಗೆ ಇಳಿಸಿ, ಸೈಕಲ್ಲಿಗೆ ಕಟ್ಟಿ, ಹತ್ತದೆ, ಕೈಯಲ್ಲಿ ತಳ್ಳಿಕೊಂಡು ಹೊರಟರು. ದಾರಿಯಲ್ಲಿ ಸಂತೆಗೆ ಹೋಗುವವರು ನಿಲ್ಲಿಸಿ ಬೀಜ ಕೇಳಿದರಂತೆ, ಇವತ್ತು ಎಲ್ಲ ಮುಗಿಯಿತು ಎಂದರಂತೆ. ಹಳ್ಳಿಯಿಂದ ದೂರ, ಗಣಿಯ ಹಾದಿ ಹೊಳೆಯನ್ನು ದಾಟುವಲ್ಲಿ ಕೇದಗೆ ಪೊದೆಯ ಕೆಳಗೆ ಅದನ್ನು ಇಟ್ಟು ಹೊಸೂರಿಗೆ ಬಂದರು. ಅಲ್ಲೇ ಕಂಡೆ ಎಂದು ಮೇಲಿನವರಿಗೆ ಹೇಳಿದರು, ಲಕ್ಷ್ಮಣಪ್ಪನ ಹೆಸರನ್ನೂ ಹೇಳಿದರು. ಆ ಸಂಜೆ ಮನೆಗೆ ಬಂದು ಹಿತ್ತಿಲಲ್ಲಿ ವಾಂತಿ ಮಾಡಿಕೊಂಡು ತಲೆ ಹಿಡಿದು ಕೂತದ್ದು ನನಗೆ ನೆನಪಿದೆ. ಬಿಸಿಲು ಎಂದರು. ಕಾರ್ತಿಕದಲ್ಲಿ ಎಂಥ ಬಿಸಿಲು ಎಂದುಕೊಂಡು ನಾನು ನೀರುಮಜ್ಜಿಗೆ ಕೊಟ್ಟೆ.

ಮೂವರನ್ನೂ ಗಣಿಯ ಹತ್ತಿರವೇ ಹಿಡಿದರು. ಸೇತುವೆ ನಿಂತಿತ್ತು, ರೈಲು ಓಡುತ್ತಿತ್ತು, ಪತ್ರಿಕೆಯಲ್ಲಿ ಒಂದು ಸಾಲೂ ಬರಲಿಲ್ಲ. ಎರಡು ವಾರದ ಮೇಲೆ ಗೋವಿಂದಮ್ಮ ಮೊದಲ ಸಲ ನಮ್ಮ ಮನೆ ಹುಡುಕಿಕೊಂಡು ಬಂದಳು. ಜಗಲಿಯ ಕಂಬ ಹಿಡಿದು ನಿಂತು, ಕಣ್ಣೀರೂ ಬತ್ತಿಹೋದ ಮುಖದಲ್ಲಿ ಅಪ್ಪನಿಗೆ ಹೇಳಿದಳು: "ನೀನು ಒಂದ್ ಕಾಲ್ದಾಗೆ ಪೊಲೀಸ್ನಾಗಿದ್ದೋನು ಅಲ್ವಾ ಅಣ್ಣ. ನಿಂಗೆ ದಾರಿ ಗೊತ್ತಿರ್ತದೆ. ನನ್ ಮಗನ್ನ ಒಂದ್ ಕಿತ ನೋಡೋ ಹಂಗೆ ಮಾಡು."

ನಾನು ಒಳಗಿನಿಂದ ಅಪ್ಪನ ಮುಖ ನೋಡಿದೆ. ಆಗ ನನಗೆ ಏನೂ ಗೊತ್ತಿರಲಿಲ್ಲ, ಆದರೆ ಆ ಮುಖ ನೋಡಿದ ಮೇಲೆ ಏನೋ ಇದೆ ಎಂದು ಗೊತ್ತಾಯಿತು. ಅವರು ಅಂಗಿ ಹಾಕಿಕೊಂಡು ಅವತ್ತೇ ಅವಳ ಜೊತೆ ಹೊರಟರು. ಹುಡುಗನನ್ನು ಸೇಲಂ ಜೈಲಿನಲ್ಲಿಟ್ಟಿದ್ದರು. ಕೃಷ್ಣಗಿರಿ, ಧರ್ಮಪುರಿ ಎಂದು ಬಸ್ಸು ಬದಲಾಯಿಸಿ ಹೋಗಬೇಕು. ಆಮೇಲೆ ಪ್ರತಿ ತಿಂಗಳೂ ಅವಳನ್ನು ಕರೆದುಕೊಂಡು ಹೋದರು. ಅವಳಿಗೆ ತಮಿಳು ಓದಲು ಬಾರದು, ಅರ್ಜಿ ಬರೆದುಕೊಟ್ಟು, ಗೇಟಿನಲ್ಲಿ ನಿಂತು, ಅವಳನ್ನು ಒಳಗೆ ಬಿಡಿಸಿ, ತಾವು ಹೊರಗೆ ಬೇವಿನ ಮರದ ಕೆಳಗೆ ಕೂರುತ್ತಿದ್ದರು. ಒಂದು ಸಲವೂ ಒಳಗೆ ಹೋಗಲಿಲ್ಲ. ನೀನೂ ಬಾ ಅಣ್ಣ, ಮಗ ಕೇಳ್ತಾನೆ ಎಂದು ಅವಳು ಕರೆದರೆ, ಒಬ್ಬರನ್ನೇ ಬಿಡುವುದು ಎನ್ನುತ್ತಿದ್ದರಂತೆ. ಇದಾವುದನ್ನೂ ಇಲಾಖೆ ಅವರಿಗೆ ಮಾಡು ಎಂದು ಹೇಳಿರಲಿಲ್ಲ. ಮೇಲಿನವರೊಬ್ಬರಿಗೆ ಗೊತ್ತಾಗಿ, ಇದು ಬೇಡ, ನಿನ್ನ ಗುಟ್ಟು ಹೊರಬೀಳುತ್ತದೆ ಎಂದು ಗದರಿದರಂತೆ. ಆಗಲಿ ಸಾರ್ ಎಂದು ಹೇಳಿ ಮುಂದಿನ ತಿಂಗಳು ಮತ್ತೆ ಹೋದರು.

ಮಾರನೆಯ ವರ್ಷ ಚುನಾವಣೆ ಆಗಿ ಎಮರ್ಜೆನ್ಸಿ ಹೋಯಿತಲ್ಲ, ಆಗ ಲಕ್ಷ್ಮಣಪ್ಪನನ್ನೂ ಬಿಟ್ಟರು. ಏನೂ ಸಿಡಿದಿರಲಿಲ್ಲ, ಯಾರೂ ಸತ್ತಿರಲಿಲ್ಲ, ಅವನ ಮೇಲೆ ಗಟ್ಟಿಯಾದ ಕೇಸೂ ನಿಲ್ಲಲಿಲ್ಲ. ತಾಯಿ ಮಗ ಇಬ್ಬರೂ ಹೊಸ ಹುಣಸೆಹಣ್ಣಿನ ಮೂಟೆ ಹೊತ್ತುಕೊಂಡು ನಮ್ಮ ಮನೆಗೆ ಬಂದರು. ಗೋವಿಂದಮ್ಮ ಜಗಲಿಯಲ್ಲಿ ಕೂತು ಜಲಜಮ್ಮನಿಗೆ ಅಪ್ಪನ ಉಪಕಾರವನ್ನು ವರ್ಣಿಸುತ್ತಿದ್ದಳು. ನಾನು ಎಲೆ ಹಾಕಲು ಅಡುಗೆಮನೆಯಲ್ಲಿದ್ದೆ. ಹಿತ್ತಿಲಲ್ಲಿ ಅಪ್ಪ ನೀರು ಸೇದಿ ಲಕ್ಷ್ಮಣಪ್ಪನ ಕಾಲಿಗೆ ಹಾಕುತ್ತಿದ್ದರು. ಹುಡುಗ ತಲೆ ತಗ್ಗಿಸಿಕೊಂಡೇ, ಬಹಳ ಮೆಲ್ಲಗೆ ಮಾತಾಡಿದ. ಕಿಟಕಿ ತೆರೆದಿತ್ತು, ನನಗೆ ಕೇಳಿಸಿತು.

"ಅಟ್ಟದ್ ಮ್ಯಾಲಿದ್ದುದ್ದು ಹೊಳೆತಾವಕ್ಕೆ ಹೆಂಗೋಯ್ತು ಅಂತ ಜೈಲ್ನಾಗ್ ಕೂತು ಯೋಚ್ನೆ ಮಾಡ್ದೆ ಮಾವ. ಆ ಅಟ್ಟ ಹತ್ತೋರು ಮೂರೇ ಜನ. ನಾನು, ಅವ್ವ, ನೀನು."

ಅಪ್ಪ ಬಿಂದಿಗೆಯನ್ನು ಕೆಳಗಿಟ್ಟರು.

"ಅವ್ವಂಗೆ ಹೇಳ್ಬ್ಯಾಡ. ಅವಳ್ಗೆ ಅಂತ ಇರೋ ಅಣ್ಣ ನೀನೊಬ್ನೇ" ಎಂದ ಆ ಹುಡುಗ.

ಅಪ್ಪ ಹೆಗಲ ಮೇಲಿನ ಟವೆಲು ತೆಗೆದು ಅವನಿಗೆ ಕೊಟ್ಟು, ಊಟಕ್ಕೆ ಬಾ ಎಂದರು. ಇಬ್ಬರೂ ಅಕ್ಕಪಕ್ಕದಲ್ಲಿ ಕೂತು ಉಂಡರು. ಹುಡುಗ ಚೆನ್ನಾಗಿ ಉಂಡ. ಅಪ್ಪ ಅನ್ನ ಕಲಸಿದ್ದನ್ನೇ ಮತ್ತೆ ಮತ್ತೆ ಕಲಸುತ್ತಿದ್ದರು. ಲಕ್ಷ್ಮಣಪ್ಪ ಆಮೇಲೆ ಗಣಿಯ ಕಡೆ ಹೋಗಲಿಲ್ಲ. ಈಗ ಹೊಲದಲ್ಲಿ ಕೋಸು, ಆಲೂಗೆಡ್ಡೆ ಬೆಳೆಯುತ್ತಾನೆ, ಮದುವೆಯಾಗಿ ಎರಡು ಮಕ್ಕಳಿವೆ. ಅವನು ತಾಯಿಗೆ ಹೇಳಿಲ್ಲ, ನಾನೂ ಹೇಳಿಲ್ಲ.

ಆಸ್ಪತ್ರೆಯಿಂದ ಮನೆಗೆ ಕರೆತಂದ ಮೇಲೆ ಅಪ್ಪ ಹೋದ ದಿನ ನೀನು ಬೆಂಗಳೂರಿನಿಂದ ಬಂದು, ಕ್ರಿಯೆಗಳನ್ನೆಲ್ಲ ಒಂದೂ ತಪ್ಪಿಲ್ಲದೆ ಮಾಡಿದೆ. ಕಣ್ಣಲ್ಲಿ ನೀರು ಮಾತ್ರ ಬರಲಿಲ್ಲ. ಅವತ್ತು ಗೋವಿಂದಮ್ಮ ಬೀದಿಯವರ ಮುಂದೆ, ನಮ್ಮಣ್ಣನ ಪೊಲೀಸು ಕೆಲಸ ಹೋದದ್ದೇ ಒಳ್ಳೆಯದಾಯಿತು, ಆ ಕೆಲಸದಲ್ಲೇ ಇದ್ದಿದ್ದರೆ ಇಂಥ ಮನಸ್ಸು ಉಳಿಯುತ್ತಿರಲಿಲ್ಲ ಎಂದಳು. ನೀನು ಅದನ್ನು ಕೇಳಿ ಎದ್ದು ಹೊರಗೆ ಹೋದೆ. ನಾನು ಇಬ್ಬರಿಗೂ ಏನೂ ಹೇಳಲಾರದೆ ಕೂತಿದ್ದೆ. ಮೂಲೆಯಲ್ಲಿ ಬಿಳಿ ಅಂಗಿ ತೊಟ್ಟ ಒಬ್ಬರು ಕೂತಿದ್ದರು, ಬೀಜದ ಕಂಪನಿಯವರು ಎಂದು ನಾನು ಎಲ್ಲರಿಗೂ ಹೇಳಿದೆ. ನಿಜವಾಗಿ ಅವರು ಮದರಾಸಿನಿಂದ ಬಂದಿದ್ದ ಅಪ್ಪನ ಅಧಿಕಾರಿ. ಹೊರಡುವಾಗ ನನ್ನ ಮುಂದೆ ಎರಡು ಕ್ಷಣ ನೆಟ್ಟಗೆ ನಿಂತು, ಕೈ ಮುಗಿದು ಹೋದರು. ನಿನ್ನಪ್ಪನಿಗೆ ಸಂದ ಮರ್ಯಾದೆ ಅಷ್ಟು.

ಇನ್ನೊಂದು ಮಾತು. ನಿನ್ನನ್ನು ಈ ಕೆಲಸಕ್ಕೆ ತೆಗೆದುಕೊಳ್ಳುವ ಮುಂಚೆ ಇಬ್ಬರು ಬಂದು ನಮ್ಮ ಬೀದಿಯಲ್ಲಿ ವಿಚಾರಿಸಿಕೊಂಡು ಹೋದರು. ಲಂಚ ತಿಂದು ಕೆಲಸ ಕಳಕೊಂಡ ಪೊಲೀಸಿನವನ ಮಗ ಎಂದು ಎಲ್ಲರೂ ಹೇಳಿಯೇ ಹೇಳಿರುತ್ತಾರೆ. ಆದರೂ ನಿನ್ನನ್ನು ಸೇರಿಸಿಕೊಂಡರಲ್ಲ, ಯಾಕೆ ಎಂದು ನೀನು ಯಾವತ್ತೂ ಯೋಚಿಸಲಿಲ್ಲವೇ? ನಿನ್ನ ಮೇಲಿನವರಿಗೆ ನಿನ್ನಪ್ಪ ಯಾರೆಂದು ನಿನಗಿಂತ ಚೆನ್ನಾಗಿ ಗೊತ್ತಿತ್ತು.

ಅಲಮೇಲುವಿಗೆ ನಾನು ನಿನ್ನ ವಿಷಯ ಏನೂ ಹೇಳಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದು ಹೇಗೆ? ನಿನ್ನಪ್ಪನ ಕಥೆಯನ್ನು ಹೇಳಿದೆ, ಇಲ್ಲಿ ಬರೆದಷ್ಟನ್ನೂ. ಅವಳು ಕೇಳಿಸಿಕೊಂಡು, ಹಾಗಾದರೆ ಇವರೂ... ಎಂದು ನಿಲ್ಲಿಸಿದಳು. ನನಗೆ ಗೊತ್ತಿಲ್ಲ, ಅವನನ್ನೇ ಕೇಳು ಎಂದೆ. ಮೂರನೆಯ ದಿನ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಬಂದವಳು, ಮಾವ ಸೇಲಮ್ಮಿಗೆ ಹೋದಾಗ ನಿಮಗೆ ಭಯ ಆಗುತ್ತಿರಲಿಲ್ಲವೇ ಎಂದು ಕೇಳಿದಳು. ಆಗುತ್ತಿತ್ತು, ಅನುಮಾನ ಮಾತ್ರ ಇರಲಿಲ್ಲ ಎಂದೆ. ಭಯ ಹೊತ್ತುಕೊಂಡು ಬಾಳಬಹುದು ವೆಂಕಟು. ನ್ಯಾಯವಾಗಿ ನೀನು ಅವಳಿಗೆ ಹೇಳಬಾರದ್ದು ಬಹಳ ಇರುತ್ತದೆ, ಅದನ್ನೆಲ್ಲ ನಿನ್ನಲ್ಲೇ ಇಟ್ಟುಕೋ. ಆದರೆ ಅವಳು ಯಾವುದನ್ನು ನಂಬಬಾರದು ಎಂಬುದನ್ನಾದರೂ ನೀನೇ ಎದುರು ನಿಂತು ಹೇಳಬೇಕು. ನಿನ್ನಪ್ಪ ನನಗೆ ಹೇಳಿದ್ದು ಅಷ್ಟೇ. ಮಿಕ್ಕದ್ದಕ್ಕೆಲ್ಲ ಅದೇ ಸಾಕಾಯಿತು.

ಜಲಜಮ್ಮ ನಿನ್ನನ್ನು ಕೇಳಿದೆ ಎಂದು ಬರೆಯಲು ಹೇಳಿದ್ದಾಳೆ. ಊಟ ತಪ್ಪಿಸಬೇಡ, ಕಿವಿಗೆ ಮಫ್ಲರು ಸುತ್ತಿಕೋ. ಎಲ್ಲಿಗೆ ಹೋದರೂ ನಿನ್ನ ಕಾಲಿಗೆ ಮುಳ್ಳು ತಗುಲದಿರಲಿ, ಹೋದಷ್ಟು ಸಲವೂ ತಿರುಗಿ ಬಾ.

ನಿನ್ನ ಅಮ್ಮ,
ಕಾಮಾಕ್ಷಮ್ಮ

ಮರೆತಿದ್ದೆ: ಇಂಥ ವಿಷಯವನ್ನು ಅಂಚೆಗೆ ಹಾಕುವಷ್ಟು ದಡ್ಡಿಯಲ್ಲ ನಾನು. ಇದು ನಿನ್ನ ಕೈಗೆ ಬಂದಿದೆ ಎಂದರೆ ಅಲಮೇಲುವೇ ತಂದುಕೊಟ್ಟಿದ್ದಾಳೆ. ಅವಳ ಅಣ್ಣ ಬೆಂಗಳೂರಿನಲ್ಲಿ ರೈಲು ಹತ್ತಿಸುತ್ತಾನೆ, ಅಲ್ಲಿಂದ ಒಬ್ಬಳೇ ಬರುತ್ತಾಳೆ. ನಾನೇ ಹೋಗುತ್ತೇನೆ ಎಂದಳು, ನಾನು ಕಳಿಸಿದ್ದಲ್ಲ. ಅವರು ಇದನ್ನು ಓದಿ ಮುಗಿಸುವವರೆಗೆ ಹೊರಗೆ ಮೆಟ್ಟಿಲ ಮೇಲೆ ಕೂತಿರುತ್ತೇನೆ ಎಂದು ನನ್ನ ಹತ್ತಿರ ಹೇಳಿ ಹೊರಟಿದ್ದಾಳೆ. ಓದಿಯಾಯಿತಲ್ಲ, ಕಾಗದವನ್ನು ಒಲೆಗೆ ಹಾಕಿ ಹೋಗಿ ಬಾಗಿಲು ತೆಗೆ. ರೈಲಿನಲ್ಲಿ ಅವಳು ಸರಿಯಾಗಿ ಊಟ ಮಾಡಿರುವುದಿಲ್ಲ.